ಅಂಗಿಯ ತೋಳಿನಲ್ಲಿದ್ದ ಪತ್ರ

ಒಂಬತ್ತೇ ವರ್ಷ ಬಾಳಿದ ಒಂದು ಚೀನೀ ರಾಜವಂಶದ ಕಥೆಯನ್ನು ಅಕ್ಕ ಮಕ್ಕಳಿಗೆ ಹೇಳತೊಡಗಿದ್ದು ಎರಡನೆಯ ಲಾಕ್‌ಡೌನಿನ ಚಳಿಗಾಲದಲ್ಲಿ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ನ ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಪರದೆಯ ಮೇಲೆ ಹತ್ತು ಹನ್ನೆರಡು ಮಕ್ಕಳ ಚೌಕಗಳು. ಅವುಗಳಲ್ಲಿ ಒಂದು ರೈಸ್‌ವೈಕ್‌ನ ನಮ್ಮ ಮನೆಯದು. ಮಗಳ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ, ನಾನೂ ಕೂತು ಕೇಳುತ್ತಿದ್ದೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಕಾಪೆಲ್ಲೆಯ ಆಫೀಸ್ ಪಾರ್ಕಿನಲ್ಲಿದ್ದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಮ್ಮ ಎಂಟು ಜನರ ತಂಡದ ಮುಖ್ಯಸ್ಥೆ. ಮೈಸೂರಿನವರು. ನಾನು ಧಾರವಾಡದ ಕಡೆಯವನು. ಹದಿನಾಲ್ಕು ವರ್ಷ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಹೆಂಡತಿಗೆ ಡೆಲ್ಫ್ಟ್‌ನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದ್ದರಿಂದ ಈ ದೇಶಕ್ಕೆ ಬಂದೆ. ಕಂಪನಿಯಲ್ಲಿ ಬಳಕೆದಾರರ ಕೈಪಿಡಿಗಳನ್ನು ಬರೆಯುವುದು ಮತ್ತು ಸಭೆಗಳ ಮಿನಿಟ್ಸ್ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಅದನ್ನು ಕೊಡಿಸಿದವನು ನನ್ನ ಗೆಳೆಯ. ಹುಬ್ಬಳ್ಳಿಯಲ್ಲಿ ನಾವಿಬ್ಬರೂ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಅವನು ಎಂಜಿನಿಯರ್ ಆದ, ನಾನು ಪತ್ರಿಕೆಗೆ ಹೋದೆ. ಇಪ್ಪತ್ತು ವರ್ಷಗಳ ಮೇಲೆ ರೈಸ್‌ವೈಕ್‌ನಲ್ಲಿ ಒಂದೇ ಕಟ್ಟಡಕ್ಕೆ ಬಂದು ಬಿದ್ದೆವು. ಅವನು ಐದನೆಯ ಮಹಡಿಯಲ್ಲಿ, ನಾನು ಮೂರನೆಯದರಲ್ಲಿ. ತಂಡದಲ್ಲಿ ಅಕ್ಕನ ನಂತರದವನು ಅವನೇ. ಅವರಿಬ್ಬರ ನಡುವೆ ಜಗಳವಿರಲಿಲ್ಲ. ಇದ್ದಿದ್ದರೆ ನಾನು ಎಚ್ಚರದಿಂದ ಇರುತ್ತಿದ್ದೆ.

ಚೀನಾದ ಕಥೆಗೆ ಕಾರಣ ಅಕ್ಕನ ಮಗಳ ಶಾಲೆ. ಅವಳ ತರಗತಿಯಲ್ಲಿ ಒಬ್ಬ ಚೀನೀ ಹುಡುಗಿ ಇದ್ದಳು. ಕಾಯಿಲೆ ಹಬ್ಬಿದ ಮೇಲೆ ಕೆಲವು ಮಕ್ಕಳು ಅವಳ ಪಕ್ಕ ಕೂರಲು ಒಲ್ಲೆ ಎಂದಿದ್ದರಂತೆ. “ಚೀನಾ ಅಂದ್ರೆ ವೈರಸ್ ಒಂದೇ ಅಂತ ತಿಳ್ಕೊಂಡು ಬೆಳೆಯೋದು ಬೇಡ ನಮ್ಮ ಮಕ್ಕಳು,” ಎಂದರು ಅಕ್ಕ. ಅಷ್ಟು ರಾಜವಂಶಗಳಿರುವಾಗ ಇದೇ ಯಾಕೆ ಎಂದು ಕೇಳಿದ್ದಕ್ಕೆ ನಕ್ಕರು. “ಚಿಕ್ಕದು, ಎಡಿಟರೇ. ಲಾಕ್‌ಡೌನ್ ಮುಗಿಯೋದ್ರೊಳಗೆ ಮುಗಿಯುತ್ತೆ. ದೊಡ್ಡ ವಂಶ ಹಿಡಿದ್ರೆ ನನ್ನ ಮಗಳ ಮದುವೆ ಹೊತ್ತಿಗೂ ಮುಗಿಯಲ್ಲ.”

ನಾನು ಅವರನ್ನು ನಮ್ಮ ಕಡೆಯ ರೂಢಿಯಂತೆ ‘ಅಕ್ಕಾರ’ ಎನ್ನುತ್ತಿದ್ದೆ. ಅವರಿಗದು ತಮಾಷೆ. “ಒಬ್ಬಳೇ ಇದ್ದೀನಪ್ಪ, ಹತ್ತು ಜನ ಅಕ್ಕಂದಿರು ಇರೋ ಹಾಗೆ ಕರೀತೀರಲ್ಲ,” ಎನ್ನುತ್ತಿದ್ದರು.

ಕಥೆ ಹತ್ತನೆಯ ಶತಮಾನದ್ದು. ನಮ್ಮಲ್ಲಿ ಆಗ ರಾಷ್ಟ್ರಕೂಟರು ಆಳುತ್ತಿದ್ದರು. ಚೀನಾದಲ್ಲಿ ಒಂದು ದೊಡ್ಡ ಸಾಮ್ರಾಜ್ಯ ಮುರಿದು, ಐವತ್ತು ಚಿಲ್ಲರೆ ವರ್ಷಗಳಲ್ಲಿ ಐದು ವಂಶಗಳು ಬಂದು ಹೋದವು. ಐದನೆಯದಕ್ಕೆ ‘ನಂತರದ ಝೌ’ ಎಂದು ಹೆಸರು. ಬಹು ಹಿಂದೆ ಇನ್ನೊಂದು ಝೌ ಇದ್ದುದರಿಂದ ಇದು ನಂತರದ್ದು. ಇದನ್ನು ಸ್ಥಾಪಿಸಿದವನು ಒಬ್ಬ ಸೇನಾಪತಿ. ಅವನು ಗಡಿಯಲ್ಲಿದ್ದಾಗ ರಾಜಧಾನಿಯಲ್ಲಿದ್ದ ಎಳೆಯ ದೊರೆ ಸಂಶಯಪಟ್ಟು ಅವನ ಮನೆಯವರನ್ನೆಲ್ಲ ಕೊಲ್ಲಿಸಿದ. ಸೇನಾಪತಿ ದಂಡು ತಿರುಗಿಸಿದ. ಆ ದೊರೆ ಸತ್ತ ಮೇಲೆ, ಇನ್ನೊಂದು ದಂಡಯಾತ್ರೆಯ ದಾರಿಯಲ್ಲಿ ಸೈನಿಕರು ಪಾಳೆಯದ ಹಳದಿ ಬಾವುಟವೊಂದನ್ನು ಹರಿದು ಅವನ ಮೈಗೆ ಸುತ್ತಿ, ನೀನೇ ನಮ್ಮ ಚಕ್ರವರ್ತಿ ಎಂದರು. ಹಳದಿ ಚಕ್ರವರ್ತಿಯ ಬಣ್ಣ.

ಅಕ್ಕ ಅಡುಗೆಮನೆಯ ಹಳದಿ ಟವೆಲನ್ನು ಹೆಗಲಿಗೆ ಸುತ್ತಿಕೊಂಡು ಇದನ್ನು ಹೇಳಿದರು. ಮಕ್ಕಳು ನಕ್ಕರು. ಮುಂದಿನ ವಾರಗಳಲ್ಲಿ ಅವನ ಸಾಕುಮಗ ದೊರೆಯಾದ. ಒಳ್ಳೆಯ ದೊರೆ. ಆರು ವರ್ಷವೂ ಆಳಲಿಲ್ಲ, ಯುದ್ಧದ ನಡುವೆ ಕಾಯಿಲೆ ಬಿದ್ದು ತೀರಿಕೊಂಡ. ಏಳು ವರ್ಷದ ಅವನ ಮಗ ಸಿಂಹಾಸನದ ಮೇಲೆ ಕೂತ. ಕಥೆ ಅಲ್ಲಿಗೆ ನಿಂತಿತು. ಏಕೆಂದರೆ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿದ್ದ ಅಕ್ಕನ ತಂದೆಗೆ ಸೋಂಕು ತಗುಲಿ ಆಸ್ಪತ್ರೆಗೆ ಸೇರಿಸಿದರು.

ಹೊರಡುವ ದಿನ ನಾನು ಅವರ ಮನೆಗೆ ಹೋಗಿದ್ದೆ. ಕಂಪನಿಯ ಒಂದು ಕೀಲಿಯನ್ನು ಇಸಿದುಕೊಳ್ಳಬೇಕಿತ್ತು. ಬಾಗಿಲಲ್ಲಿ ಸೂಟ್‌ಕೇಸ್ ನಿಂತಿತ್ತು. ಅವರ ಗಂಡ ಒಳಗೆ ಮಗಳಿಗೆ ಊಟ ಬಡಿಸುತ್ತಿದ್ದರು.

“ಎಡಿಟರೇ, ಒಂದು ಮಾತು,” ಎಂದರು ಅಕ್ಕ. “ಜೂನ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ರಿನ್ಯೂ ಆಗ್ಬೇಕು. ನನ್ನ ಪರ್ಮಿಟ್ ಮೇಲೇ ಇವರಿಬ್ಬರೂ ಇಲ್ಲಿರೋದು ಅಂತ ನಿಮಗೆ ಗೊತ್ತಲ್ಲ.”

“ಗೊತ್ತದ, ಅಕ್ಕಾರ. ನೀವು ಅಪ್ಪಾರನ್ನ ನೋಡ್ಕೋರಿ.”

“ನಾನಿಲ್ಲದಾಗ ಮೀಟಿಂಗಲ್ಲಿ ಏನೇನು ನಡೆಯುತ್ತೋ. ಮಿನಿಟ್ಸ್ ನೀವು ಬರೆಯೋದಲ್ವ, ಅದೊಂದು ಸಮಾಧಾನ. ನಡೆದದ್ದನ್ನ ನಡೆದ ಹಾಗೆ ಬರೀತೀರ.”

ಅವರು ಹೋದ ಕೆಲವೇ ದಿನಗಳಲ್ಲಿ ಭಾರತದಿಂದ ಬರುವ ಪ್ರಯಾಣಿಕ ವಿಮಾನಗಳನ್ನು ಇಲ್ಲಿ ನಿಲ್ಲಿಸಿದರು. ಅಕ್ಕ ಅಲ್ಲೇ ಉಳಿದರು. ಆಸ್ಪತ್ರೆಯ ಹೊರಗೆ ಕೂತು ಫೋನಿನಲ್ಲಿ ಕೆಲಸ ಮಾಡಲು ನೋಡಿದರು, ಆಗಲಿಲ್ಲ. ರಜೆ ಹಾಕಿದರು.

ಆ ದಿನಗಳಲ್ಲಿ ನಾನು ಮತ್ತು ಗೆಳೆಯ ಸಂಜೆ ಐದಕ್ಕೆ ಕಾಲುವೆಯ ಪಕ್ಕದ ಬೆಂಚಿಗೆ ಹೋಗುತ್ತಿದ್ದೆವು. ಒಂದೂವರೆ ಮೀಟರಿನ ನಿಯಮವಿತ್ತು. ಅವನು ಆ ತುದಿ, ನಾನು ಈ ತುದಿ, ನಡುವೆ ಚಹಾದ ಫ್ಲಾಸ್ಕ್.

“ಏ, ನಿನ್ನ ಕೂಡ ಒಂದ ಮಾತ ಆಡೂದೈತಿ,” ಎಂದ ಒಂದು ಸೋಮವಾರ. “ಆ ದೊಡ್ಡ ಕ್ಲೈಂಟ್ ಹೊಯ್ಕೊಳ್ಳಾಕ ಹತ್ಯಾನ. ಸಹಿ ಮಾಡೂ ಮಂದಿ ಇಲ್ಲ ನಿಮ್ಮಲ್ಲಿ, ಪ್ರಾಜೆಕ್ಟ್ ವಾಪಸ್ ತಗೋತೀನಿ ಅಂತಾನ.”

“ಅಕ್ಕಾರು ಫೋನಿನ್ಯಾಗ ಸಿಗ್ತಾರಲ್ಲೋ.”

“ಅವರಪ್ಪ ಆಕ್ಸಿಜನ್ ಮ್ಯಾಲೆ ಅದಾರ. ಅವರಿಗೆ ಇದನ್ನ ಹೇಳ್ಲೇನು? ನಾಳಿನ ಮೀಟಿಂಗ್‌ನಾಗ ತಂಡದ್ದ ಜವಾಬ್ದಾರಿ ನಾ ತಗೋತೀನಿ. ಅವರು ಬಂದ ಮ್ಯಾಲೆ ಅವರ ಕುರ್ಚಿ ಅವರಿಗೆ. ನನಗ್ಯಾಕ ಬೇಕೋ ಆ ತಲಿಬ್ಯಾನಿ?”

ಅದರಲ್ಲಿ ತಪ್ಪೇನೂ ಕಾಣಲಿಲ್ಲ.

“ಇನ್ನೊಂದು. ಮಿನಿಟ್ಸ್ ಮೀಟಿಂಗ್ ಮುಗಿದ ಐದ ನಿಮಿಷಕ್ಕ ಮ್ಯಾನೇಜರ್ ಕೈಯಾಗ ಇರಬೇಕು. ಅಜೆಂಡಾ ನಾ ಕಳಸ್ತೀನಿ, ನೀ ಇವತ್ತ ಬರದ ಇಡು. ಪೇಪರ್‌ನಾಗ ಇದನ್ನ ಮಾಡ್ತಿದ್ರಿ ಹೌದಿಲ್ಲೋ?”

ಹೌದು, ಮಾಡುತ್ತಿದ್ದೆವು. ಜಿಲ್ಲೆಗಳಿಗೆ ಹೋಗುವ ಪುಟಗಳನ್ನು ಬೇಗ ಮುಗಿಸಬೇಕಾಗುತ್ತಿತ್ತು. ಸಂಜೆಯ ಸಮಾರಂಭದ ವರದಿಯನ್ನು ಆಮಂತ್ರಣ ಪತ್ರಿಕೆ ನೋಡಿ ಮಧ್ಯಾಹ್ನವೇ ಬರೆದಿಡುತ್ತಿದ್ದೆವು. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಎಲ್ಲ ಸಿದ್ಧ. ಭಾಷಣಕ್ಕೆ ನಾಲ್ಕು ಸಾಲು ಜಾಗ ಬಿಟ್ಟರೆ ಆಯಿತು. ಒಮ್ಮೆ ಬಾರದೇ ಇದ್ದ ಅತಿಥಿಯೊಬ್ಬರಿಂದ ವರದಿಯಲ್ಲಿ ನಾನು ದೀಪ ಬೆಳಗಿಸಿದ್ದೆ. ಮರುದಿನ ಸುದ್ದಿ ಸಂಪಾದಕರು ಕರೆದು ಬೈಯಲಿಲ್ಲ. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ಅದೇ ಪುಟದಲ್ಲಿ, ಅಷ್ಟೇ ಅಗಲದಲ್ಲಿ ತಿದ್ದುಪಡಿ ಬರೆ ಎಂದರು. ಬರೆದೆ. ಆ ರೂಢಿಯನ್ನು ಬಿಡಲಿಲ್ಲ, ಎಚ್ಚರಿಕೆ ಹೆಚ್ಚಿಸಿಕೊಂಡೆ. ಹಾಗೆಂದು ನಾನು ತಿಳಿದಿದ್ದೆ.

ಆ ಸೋಮವಾರ ಸಂಜೆ ಊಟಕ್ಕೆ ಮುಂಚೆ ಮಿನಿಟ್ಸ್ ಬರೆದು ಮುಗಿಸಿದೆ. ‘ಸದಸ್ಯರ ಒತ್ತಾಯದ ಮೇರೆಗೆ ಅವರು ತಂಡದ ಹೊಣೆ ವಹಿಸಿಕೊಳ್ಳಲು ಒಪ್ಪಿದರು. ನಿರ್ಧಾರವನ್ನು ಸರ್ವಾನುಮತದಿಂದ ಕೈಗೊಳ್ಳಲಾಯಿತು.’ ಇಂಗ್ಲಿಷಿನಲ್ಲಿ ಬರೆದದ್ದು, ಅರ್ಥ ಇಷ್ಟೇ. ಒಂದು ಪುಟ ಮೀರಲಿಲ್ಲ.

ಮಂಗಳವಾರದ ಸಭೆ ಇಪ್ಪತ್ತು ನಿಮಿಷದ್ದು. ಗೆಳೆಯ ಕ್ಲೈಂಟಿನ ಸಿಟ್ಟಿನ ವಿಷಯ ಹೇಳಿದ. ಅವನಿಗೆ ಆಪ್ತನಾಗಿದ್ದ ಬೆಂಗಳೂರಿನ ಒಬ್ಬಾತ, “ಸರ್, ನೀವೇ ತಗೋಬೇಕು, ಬೇರೆ ಯಾರಿದ್ದಾರೆ?” ಎಂದ. ಇನ್ನೊಬ್ಬರು ಹೌದು ಎಂದರು. ಗೆಳೆಯ ಎರಡು ಸಲ ಬೇಡವೆಂದ, ಮೂರನೆಯ ಸಲ ಒಪ್ಪಿದ. ತಂಡದ ಹಿರಿಯ ಡಚ್ ಸಹೋದ್ಯೋಗಿಯೊಬ್ಬರು ಕೈ ಎತ್ತಿದ ಗುರುತು ಪರದೆಯ ಮೇಲೆ ಕಾಣಿಸಿತು. ಊರಿಗೆ ಹೋಗಿರುವವರಿಗೆ ಇದನ್ನು ತಿಳಿಸಿದ್ದೀರಾ ಎಂದು ಅವರು ಕೇಳಿದರು. ಅದನ್ನು ಆಮೇಲೆ ಬೇರೆಯಾಗಿ ಮಾತಾಡೋಣ ಎಂದ ಗೆಳೆಯ. ಅವರು ಮತ್ತೆ ಮೈಕ್ ತೆರೆಯಲಿಲ್ಲ. ನಾನು ಈ ಪ್ರಶ್ನೆಯನ್ನು ಕೇಳಿಸಿಕೊಂಡೆ. ಸಿದ್ಧವಿದ್ದ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಐದು ನಿಮಿಷದೊಳಗೆ ಕಳಿಸಿದೆ. ಇಷ್ಟು ಚುರುಕಾದ ಮಿನಿಟ್ಸ್ ತಾನು ನೋಡಿಲ್ಲವೆಂದು ಮ್ಯಾನೇಜರ್ ಬರೆದರು.

ಎರಡು ವಾರದ ಮೇಲೆ ಅಕ್ಕನಿಂದ ವಾಟ್ಸಾಪಿನಲ್ಲಿ ಆರು ಫೋಟೋಗಳು ಬಂದವು. ಕಥೆಗೆಂದು ಅವರು ಚಳಿಗಾಲದಲ್ಲಿ ಬರೆದಿಟ್ಟ ನೋಟ್‌ಬುಕ್ಕಿನ ಪುಟಗಳು. ಜೊತೆಗೆ ಧ್ವನಿಸಂದೇಶ: “ಅಪ್ಪ ಸ್ವಲ್ಪ ಪರವಾಗಿಲ್ಲ. ನನಗೆ ಈಗ ಕಥೆ ಹೇಳೋ ಶಕ್ತಿ ಇಲ್ಲ, ಎಡಿಟರೇ. ಮಗಳು ದಿನಾ ಕೇಳ್ತಾಳೆ, ಆ ಪುಟ್ಟ ರಾಜ ಏನಾದ ಅಂತ. ಕೊನೇ ಭಾಗ ನೀವೇ ಹೇಳಿಬಿಡಿ.”

ಶುಕ್ರವಾರ ಮಧ್ಯಾಹ್ನ ಕೂತು ಓದಿದೆ. ಅಕ್ಕನ ಅಕ್ಷರ ದುಂಡಗಿತ್ತು. ಹೊಸ ವರ್ಷದ ಹಬ್ಬದ ಸಮಯ. ಉತ್ತರದ ಶತ್ರುಗಳು ನುಗ್ಗಿದ್ದಾರೆಂದು ರಾಜಧಾನಿ ಕೈಫೆಂಗ್‌ಗೆ ಸುದ್ದಿ ಬರುತ್ತದೆ. ಏಳು ವರ್ಷದ ದೊರೆಯ ಮಂತ್ರಿಗಳು ಗಾಬರಿಯಾಗಿ ನಂಬಿಕೆಯ ಸೇನಾಪತಿಯನ್ನು ದಂಡಿನ ಜೊತೆ ಕಳಿಸುತ್ತಾರೆ. ಒಂದು ದಿನದ ದಾರಿ ನಡೆದು ಚೆನ್ ಸೇತುವೆಯ ಹತ್ತಿರ ಬೀಡುಬಿಡುತ್ತಾರೆ. ಸೇನಾಪತಿ ಕುಡಿದು ಮಲಗಿರುತ್ತಾನೆ. ಬೆಳಗಾದಾಗ ಅಧಿಕಾರಿಗಳು ಡೇರೆಗೆ ನುಗ್ಗಿ ಹಳದಿ ನಿಲುವಂಗಿ ತೊಡಿಸುತ್ತಾರೆ. ಅವನು ಬೇಡವೆನ್ನುತ್ತಾನೆ, ಅವರು ಬಿಡುವುದಿಲ್ಲ. ಹುಡುಗನಿಗೂ ಅವನ ತಾಯಿಗೂ ತೊಂದರೆ ಮಾಡಬಾರದೆಂದು ಮಾತು ತೆಗೆದುಕೊಂಡು ಅವನು ರಾಜಧಾನಿಗೆ ಮರಳುತ್ತಾನೆ. ಶತ್ರುಗಳ ಸುದ್ದಿ ಮತ್ತೆ ಯಾರೂ ಎತ್ತುವುದಿಲ್ಲ.

ಇದರ ಪಕ್ಕದಲ್ಲಿ ಅಕ್ಕ ಹಸಿರು ಪೆನ್ನಿನಲ್ಲಿ ಬರೆದಿದ್ದರು: ‘ಮಕ್ಕಳನ್ನು ಕೇಳು. ಮೊದಲ ಸೇನಾಪತಿಗೆ ಸುತ್ತಿದ್ದು ಹರಿದ ಬಾವುಟ. ಇವನಿಗೆ ಹೊಲಿದ ನಿಲುವಂಗಿ. ಯುದ್ಧಕ್ಕೆ ಹೊರಟ ದಂಡಿನಲ್ಲಿ ಅದು ಎಲ್ಲಿಂದ ಬಂತು?’

ಕೊನೆಯ ಪುಟದಲ್ಲಿ ಅರಮನೆಯ ದೃಶ್ಯ. ಹುಡುಗ ಸಿಂಹಾಸನ ಬಿಟ್ಟುಕೊಡಲು ಬಂದು ನಿಂತಿದ್ದಾನೆ. ವಿಧಿಗೆ ಒಂದು ಪತ್ರ ಬೇಕು, ಚಕ್ರವರ್ತಿ ತಾನಾಗಿ ಬಿಟ್ಟುಕೊಡುತ್ತಿದ್ದಾನೆಂಬ ಪತ್ರ. ಅದನ್ನು ಬರೆಸುವುದು ಎಲ್ಲರಿಗೂ ಮರೆತಿದೆ. ಆಗ ಒಬ್ಬ ವಿದ್ವಾಂಸ ತನ್ನ ಅಂಗಿಯ ತೋಳಿನಿಂದ ಕಾಗದ ತೆಗೆದು, ಇಲ್ಲಿದೆ, ಸಿದ್ಧವಾಗಿದೆ ಎನ್ನುತ್ತಾನೆ. ಮೊದಲೇ ಬರೆದು ಇಟ್ಟುಕೊಂಡಿದ್ದ. ಅಕ್ಕ ಕೆಳಗೆ ಬರೆದಿದ್ದರು: ‘ಇವನನ್ನು ಹೊಸ ದೊರೆಯೂ ಗೌರವಿಸಲಿಲ್ಲ.’

ನೋಟ್‌ಬುಕ್ ಚಳಿಗಾಲದ್ದು. ಅಕ್ಕ ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ. ಇದನ್ನು ದಾಖಲಿಸಬೇಕು. ನಾನು ಲ್ಯಾಪ್‌ಟಾಪ್ ತೆರೆದು ಮಿನಿಟ್ಸ್‌ನ ಫೈಲನ್ನು ನೋಡಿದೆ. ಸಭೆ ಮಂಗಳವಾರ. ಫೈಲ್ ಹುಟ್ಟಿದ್ದು, ಕೊನೆಯ ಸಲ ಬದಲಾದದ್ದು, ಎರಡೂ ಸೋಮವಾರ ಸಂಜೆ. ಸಭೆಯ ನಂತರ ನಾನು ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ.

ಸಂಜೆ ಬೆಂಚಿನ ಮೇಲೆ ಕೇಳಿದೆ: “ಆ ಕ್ಲೈಂಟ್ ಏನಾದ್ನೋ?”

“ಯಾವಾಂವ?”

“ಹೊಯ್ಕೊಳ್ಳಾಕ ಹತ್ತಿದ್ನಲ್ಲ.”

“ಅದಾ? ಅದು ಹಂಗ ತಣ್ಣಗಾತು. ಚಾ ಹಾಕು.”

ಚಹಾ ಹಾಕಿದೆ. “ಅಕ್ಕಾರಿಗೆ ಹೇಳಿದಿ?”

ಅವನು ಕಾಲುವೆಯ ಕಡೆ ನೋಡಿದ. “ಮ್ಯಾನೇಜರ್ ಕಾಯಂ ಮಾಡ್ಯಾನ. ಒಂದ ತಂಡಕ್ಕ ಇಬ್ಬರು ಯಾಕ ಅಂದ. ನಾ ಏನ ಮಾಡ್ಲಿ?”

“ಅವರು ಬಂದ ಮ್ಯಾಲೆ ಅವರ ಕುರ್ಚಿ ಅಂದಿದ್ಯಲ್ಲೋ, ಇದ ಬೆಂಚಿನ ಮ್ಯಾಲೆ ಕುಂತು.”

“ಅಂದಿದ್ದೆ. ಮಿನಿಟ್ಸ್‌ನಾಗ ಎಲ್ಲಿ ಐತಿ ಅದು?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಬೇರೆ ಯಾರರ ಬರದಿದ್ರ ಡಚ್ಚರು ನೂರಾಎಂಟು ಪ್ರಶ್ನೆ ಕೇಳ್ತಿದ್ರು. ನೀ ಬರದಿ ಅಂದ್ರ ಯಾರೂ ಕೇಳಂಗಿಲ್ಲ. ಅದಕ್ಕ ನಿನ್ನ ಕಡೆ ಬರಸಿದ್ದು.”

ನನಗೆ ಕೆಲಸ ಕೊಡಿಸಿದ್ದು ಹಾಸ್ಟೆಲಿನ ಸ್ನೇಹಕ್ಕೆ ಎಂದು ನಾಲ್ಕು ವರ್ಷ ನಂಬಿದ್ದೆ. ಇರಬಹುದು. ಅವನು ಬಳಸಿಕೊಂಡದ್ದು ಮಾತ್ರ ಸ್ನೇಹವನ್ನಲ್ಲ. ಅದನ್ನು ಬಳಸಿಕೊಂಡಿದ್ದರೆ ಮರೆಯುತ್ತಿದ್ದೆನೇನೋ. ಹದಿನಾಲ್ಕು ವರ್ಷ ಡೆಸ್ಕಿನಲ್ಲಿ ಕೂತು ನಾನು ಗಳಿಸಿಕೊಂಡಿದ್ದ ಒಂದೇ ಆಸ್ತಿ, ನಾನು ಬರೆದದ್ದನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ ಎಂಬುದು. ಅವನು ಅದನ್ನೇ ತೆಗೆದುಕೊಂಡ. ಚಹಾ ಕುಡಿದು ಮುಗಿಸಿ ಫ್ಲಾಸ್ಕ್ ತೆಗೆದುಕೊಂಡು ಎದ್ದೆ. ಆ ಬೆಂಚಿಗೆ ಆಮೇಲೆ ಹೋಗಲಿಲ್ಲ.

ಶನಿವಾರ ಮಕ್ಕಳಿಗೆ ಕಥೆ ಹೇಳಿದೆ. ಹಸಿರು ಪೆನ್ನಿನ ಪ್ರಶ್ನೆ ಕೇಳಿದೆ: “ಆ ನಿಲುವಂಗಿ ಎಲ್ಲಿಂದ ಬಂತು?”

ಅಕ್ಕನ ಮಗಳು ತಡಮಾಡಲಿಲ್ಲ. “ಅಂಕಲ್, ದೇ ಪ್ಯಾಕ್ಡ್ ಇಟ್.” ನನ್ನ ಮಗಳು ಡಚ್ಚಿನಲ್ಲಿ ಸೇರಿಸಿದಳು: “ನಾತೂರ್ಲಿಕ್!” ಮತ್ತಿನ್ನೇನು ಎಂದು. ಇನ್ನೊಂದು ಚೌಕದಿಂದ ಯಾರೋ, “ಮತ್ತೆ ಹೊಲಿದೋರು ಯಾರು?” ಎಂದರು. ಮಕ್ಕಳಿಗೆ ಅದು ಸುಲಭದ ಪ್ರಶ್ನೆಯಾಗಿತ್ತು. ದೊಡ್ಡವರು ಅಷ್ಟು ಕಷ್ಟಪಡುವುದು ಯಾಕೋ ಎಂಬ ಮುಖದಲ್ಲಿ ನನ್ನನ್ನು ನೋಡಿದರು.

ಪುಟ್ಟ ರಾಜನನ್ನು ಕೊಲ್ಲಲಿಲ್ಲ, ದೂರದ ಊರಿಗೆ ಕಳಿಸಿದರು ಎಂದು ಹೇಳಿ ಮುಗಿಸಿದೆ. ಅಂಗಿಯ ತೋಳಿನಿಂದ ಪತ್ರ ತೆಗೆದವನ ಭಾಗವನ್ನು ಬಿಟ್ಟೆ.

ಮುಂದಿನ ವಾರ ಅಕ್ಕನಿಗೆ ಕಂಪನಿಯ ಪತ್ರ ಹೋಯಿತು. ತಂಡದ ಮುಖ್ಯಸ್ಥರ ಹುದ್ದೆ ಖಾಲಿ ಇಲ್ಲ, ಕರಾರನ್ನು ಮುಂದುವರಿಸುವುದಿಲ್ಲ. ಆಧಾರವಾಗಿ ನನ್ನ ಮಿನಿಟ್ಸ್ ಲಗತ್ತಿಸಿದ್ದರು. ಮಧ್ಯಾಹ್ನ ಫೋನ್ ಬಂತು.

“ಎಡಿಟರೇ, ಸರ್ವಾನುಮತ ಅಂತ ಬರೆದಿದ್ದೀರ.”

“ಹೌದ್ರಿ.”

“ಎಂಟು ಜನ ಅಲ್ವ ನಾವು. ನಾನಿರಲಿಲ್ಲ. ಏಳು ಜನದಲ್ಲಿ ನೀವೂ ಇದ್ರಾ?”

“ಇದ್ದೆ, ಅಕ್ಕಾರ.”

ಆ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. “ಅಪ್ಪ ಉಳೀಲಿ, ಅಷ್ಟು ಸಾಕು ಅಂತ ದೇವರಿಗೆ ಹೇಳಿದ್ದೆ,” ಎಂದರು ಕೊನೆಗೆ. “ಅಷ್ಟನ್ನೇ ಕೇಳಿಸಿಕೊಂಡ ನೋಡಿ.” ಫೋನ್ ಇಟ್ಟರು.

ಅಂದೇ ತಿದ್ದುಪಡಿ ಬರೆದೆ. ಮಿನಿಟ್ಸ್ ಸಭೆಯ ಹಿಂದಿನ ದಿನ ಸಿದ್ಧವಾಗಿತ್ತು. ಅದರ ಒಕ್ಕಣೆ ಹೊಣೆ ವಹಿಸಿಕೊಂಡವರೇ ಕೊಟ್ಟ ಅಜೆಂಡಾದಿಂದ ಬಂದದ್ದು. ವ್ಯವಸ್ಥೆ ತಾತ್ಕಾಲಿಕ ಎಂದು ಅವರು ನನಗೆ ಹೇಳಿದ್ದರು, ಅದನ್ನು ನಾನು ಬರೆಯಲಿಲ್ಲ. ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆದ್ದರಿಂದ ನಿರ್ಧಾರ ಸರ್ವಾನುಮತದ್ದಲ್ಲ. ತಪ್ಪು ನನ್ನದು. ಮೊದಲ ಮಿನಿಟ್ಸ್ ಯಾರ್‍ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ, ಮತ್ತು ಅಕ್ಕನಿಗೆ, ಕಳಿಸಿದೆ. ಪೂರ್ತಿ ಒಂದು ಪುಟವಾಯಿತು.

ಮ್ಯಾನೇಜರ್, ತಲುಪಿದೆ ಎಂದು ಒಂದು ಸಾಲು ಬರೆದರು. ಹಿರಿಯ ಡಚ್ ಸಹೋದ್ಯೋಗಿ ‘ಕಾಯುತ್ತಿದ್ದೆ’ ಎಂದಷ್ಟೇ ಬರೆದರು. ಉಳಿದವರು ಏನೂ ಬರೆಯಲಿಲ್ಲ. ಕಂಪನಿಯ ನಿರ್ಧಾರ ಬದಲಾಗಲಿಲ್ಲ. ಗೆಳೆಯ ಲಿಫ್ಟಿನಲ್ಲಿ ಸಿಕ್ಕಾಗ ಮಾಸ್ಕಿನ ಹಿಂದಿನಿಂದ, “ನಿನಗ ಇದರಿಂದ ಏನ ಸಿಕ್ತು?” ಎಂದು ಕೇಳಿದ. ಮೂರನೆಯ ಮಹಡಿ ಬಂತು, ಇಳಿದೆ.

ವಿಮಾನಗಳು ಶುರುವಾದ ಮೇಲೆ ಅಕ್ಕ ಬಂದದ್ದು ಮನೆ ಖಾಲಿ ಮಾಡಲು. ಹೊಸ ಕೆಲಸ ಹುಡುಕಲು ಮೂರು ತಿಂಗಳ ಅವಕಾಶವಿತ್ತು. ಆದರೆ ತಂದೆಯನ್ನು ನೋಡಿಕೊಳ್ಳುವವರು ಅಲ್ಲಿ ಬೇಕಿತ್ತು. ಹೋಗುತ್ತೇವೆ ಎಂದು ತೀರ್ಮಾನಿಸಿದ್ದರು. ನಾನು ಕೀಲಿ ಹಿಂತಿರುಗಿಸುವ ನೆಪದಲ್ಲಿ ಹೋದೆ. ಆ ಕೀಲಿ ಈಗ ಅವರಿಗೆ ಬೇಕಾಗಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಅವರು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎನ್ನದಿರಲು ಆ ವರ್ಷ ಎಲ್ಲರಿಗೂ ಒಂದು ಕಾರಣವಿತ್ತು. ಅವರ ಹಿಂದೆ ಹಜಾರದಲ್ಲಿ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ಮಗಳ ಅಕ್ಷರದಲ್ಲಿ ‘ಬುಕೆನ್’, ‘ಕ್ಯೋಕೆನ್’ ಎಂದೆಲ್ಲ ಬರೆದಿತ್ತು, ಪುಸ್ತಕ, ಅಡುಗೆಮನೆ ಎಂದು ಡಚ್ಚಿನಲ್ಲಿ.

“ತಿದ್ದುಪಡಿ ಓದಿದೆ,” ಎಂದರು ಅಕ್ಕ. “ಚೆನ್ನಾಗಿ ಬರೆದಿದ್ದೀರ. ಒಂದು ಪದ ಹೆಚ್ಚಿಲ್ಲ, ಕಮ್ಮಿ ಇಲ್ಲ.”

ನಾನು ಕೀಲಿಯನ್ನು ಮುಂದೆ ಹಿಡಿದೆ.

“ಒಂದು ಕೇಳ್ಲಾ? ಮಕ್ಕಳಿಗೆ ಆ ಪತ್ರದವನ ಕಥೆ ಹೇಳಿದ್ರಾ? ಅಂಗಿ ತೋಳಿಂದ ತೆಗೀತಾನಲ್ಲ, ಅವನದ್ದು. ಮಗಳಿಗೆ ಗೊತ್ತೇ ಇಲ್ಲ.”

“ಹೇಳಲಿಲ್ರಿ.”

“ಯಾಕೆ?”

“ಟೈಮ್ ಸಾಲಲಿಲ್ಲ.”

ಅವರು ನನ್ನನ್ನು ನೋಡಿದರು. “ನೀವು ಇಷ್ಟು ದಿನ ನನಗೆ ಸುಳ್ಳು ಹೇಳಿರಲಿಲ್ಲ, ಎಡಿಟರೇ,” ಎಂದರು. ಆಮೇಲೆ ಕೀಲಿ ತೆಗೆದುಕೊಂಡು, ಹುಷಾರು, ಮಳೆ ಬರೋ ಹಾಗಿದೆ ಎಂದು ಬಾಗಿಲು ಹಾಕಿಕೊಂಡರು.

ಮುಂದಿನ ಶನಿವಾರ ಹತ್ತು ಗಂಟೆಗೆ ಮಕ್ಕಳನ್ನು ಮತ್ತೆ ಕರೆದೆ. ಕಥೆ ಮುಗಿದಿತ್ತಲ್ಲ ಅಂಕಲ್ ಎಂದು ಒಬ್ಬಳು ಕೇಳಿದಳು. ಒಂದು ಭಾಗ ಬಿಟ್ಟುಹೋಗಿದೆ, ಬಿಟ್ಟದ್ದು ನಾನು ಎಂದೆ. ಅರಮನೆ, ಏಳು ವರ್ಷದ ಹುಡುಗ, ಎಲ್ಲರೂ ಮರೆತ ಪತ್ರ, ಅದನ್ನು ತೋಳಿನಿಂದ ತೆಗೆದ ವಿದ್ವಾಂಸ. ಮೊದಲೇ ಬರೆದಿಟ್ಟುಕೊಂಡಿದ್ದ ಎಂದು ಹೇಳಿ ನಿಲ್ಲಿಸಿದೆ. ಅದಕ್ಕೆ ಏನೂ ಸೇರಿಸಲಿಲ್ಲ. ಪರದೆಯ ಮೇಲೆ ಒಂಬತ್ತು ಚೌಕಗಳಿದ್ದವು. ಅಕ್ಕನ ಮಗಳದ್ದು ಇರಲಿಲ್ಲ. ಅವರ ಮನೆಯ ಇಂಟರ್ನೆಟ್ಟನ್ನು ಹಿಂದಿನ ದಿನವೇ ತೆಗೆಸಿದ್ದರು.